ಹಡಗಿನಲ್ಲಿ ಮಾತಾಡಿಸಲು ಹೋದವರು

ಹದಿನಾಲ್ಕು ಮಂದಿಯನ್ನು ಕರೆದುಕೊಂಡು ಹೋಗು, ಹದಿನಾಲ್ಕು ಮಂದಿಯನ್ನೂ ಒಟ್ಟಿಗೆ ವಾಪಸು ಕರೆದುಕೊಂಡು ಬಾ. ಕಂಪನಿಯವರು ನನಗೆ ಹೇಳಿದ ಕೆಲಸ ಇಷ್ಟೇ. ಒಬ್ಬರು ಹಿಂದೆ ಉಳಿದರೂ ಇನ್ನೊಂದು ಪ್ರವಾಸಕ್ಕೆ ನನ್ನನ್ನು ಕರೆಯುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟು ತಿಳಿಯದಷ್ಟು ದಡ್ಡ ನಾನಲ್ಲ.

ಕೋವಿಡ್‌ಗೆ ಮುಂಚೆ ನಾನು ಹನುಮನಹಳ್ಳಿಯಲ್ಲಿ ವಿದೇಶಿಯರಿಗೆ ಗೈಡ್ ಆಗಿದ್ದೆ. ಅಂಜನಾದ್ರಿಯ ಮೆಟ್ಟಿಲು ಹತ್ತಿಸುವುದು, ಹರಿಗೋಲಿನಲ್ಲಿ ಹೊಳೆ ದಾಟಿಸುವುದು, ಬಂಡೆ ಹತ್ತಲು ಬರುತ್ತಿದ್ದ ಇಟಲಿಯವರು ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಹಾಸಿಗೆಯನ್ನು ಹೊತ್ತು ಓಡಾಡುವುದು. ಎರಡು ವರ್ಷ ಒಬ್ಬನೂ ಬರಲಿಲ್ಲ. ವಿಮಾನಗಳು ಮತ್ತೆ ಹಾರತೊಡಗಿದಾಗ ಹುಬ್ಬಳ್ಳಿಯ ಒಂದು ಪ್ರವಾಸ ಕಂಪನಿಯವರು ಫೋನ್ ಮಾಡಿದರು. ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತ ನಮ್ಮ ಕೊಪ್ಪಳ ಜಿಲ್ಲೆಯ ಹಿರಿಯರ ಒಂದು ತಂಡ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸಕ್ಕೆ ಹೊರಟಿದೆ, ಜೊತೆಗೆ ಹೋಗಬೇಕು ಎಂದರು.

"ನಿನಗ ಇಟಲಿ ಭಾಷಾ ಬರ್ತೈತಂತಲ್ಲ?"

ನನಗೆ ಬರುತ್ತಿದ್ದ ಇಟಲಿ ಭಾಷೆ ಮೂರು ಮಾತಿನದು. ಎಡಗಾಲು ಮೇಲಿಡು, ಗಟ್ಟಿಯಾಗಿ ಹಿಡಿ, ಬಿದ್ದೆ. "ಬರ್ತೈತ್ರಿ" ಎಂದೆ.

ಹಿಟ್ನಾಳ ಕ್ರಾಸ್‌ನಲ್ಲಿ ನಾಲ್ಕು ತಾಲ್ಲೂಕಿನವರು ಬೆಂಗಳೂರಿನ ಬಸ್ಸು ಹತ್ತಿದರು. ಗಂಗಾವತಿಯ ನಿವೃತ್ತ ಹೆಡ್‌ಮಾಸ್ತರು ಮತ್ತು ಅವರ ಹೆಂಡತಿ, ಭಾಗ್ಯನಗರದ ಸೀರೆ ಅಂಗಡಿಯ ಗಂಡ ಹೆಂಡತಿ, ಕೊಪ್ಪಳದ ನಿವೃತ್ತ ನೌಕರರು ಮತ್ತು ಅವರ ಮನೆಯವರು ಸೇರಿ ಏಳು ಮಂದಿ, ಯಲಬುರ್ಗಾದ ಬೀಜ ಗೊಬ್ಬರದ ಸಾಹುಕಾರರು ಮತ್ತು ಅವರ ಹೆಂಡತಿ. ಕೊನೆಗೆ ಕುಷ್ಟಗಿಯಿಂದ ಒಬ್ಬ ಹೆಂಗಸು, ಒಬ್ಬರೇ. ಸ್ವಂತ ದಾಳಿಂಬೆ ತೋಟ ನೋಡಿಕೊಳ್ಳುವವರು. ಅವರು ಎಡಗಾಲನ್ನು ತುಸು ಎಳೆಯುತ್ತ ಬಸ್ಸಿನ ಮೆಟ್ಟಿಲು ಹತ್ತಿದವರು ಸಾಹುಕಾರರ ಹೆಂಡತಿಯನ್ನು ನೋಡಿ ಹಾಗೇ ನಿಂತರು. ಆಮೇಲೆ ಕಟ್ಟಕಡೆಯ ಸೀಟಿಗೆ ಹೋಗಿ ಕೂತರು. ಇಬ್ಬರೂ ಒಂದೇ ಮನೆಯ ಸೊಸೆಯರು, ನೆಗೆಣ್ಣಿಯರು. ಬೇರೆ ಬೇರೆ ಏಜೆಂಟರ ಮೂಲಕ ಬುಕ್ ಮಾಡಿದ್ದರಿಂದ ಒಬ್ಬರಿಗೊಬ್ಬರು ಬರುವುದು ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಅಡ್ಡಹೆಸರು ಒಂದೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನಮ್ಮ ಕಡೆ ಅರ್ಧ ಊರಿಗೆ ಒಂದೇ ಅಡ್ಡಹೆಸರು ಇರುವುದರಿಂದ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಹೇಳಲು ಸುಲಭವಾಗಲೆಂದು ಸಾಹುಕಾರರ ಹೆಂಡತಿಯನ್ನು ಹಿರಿಯಾಕೆ, ಕುಷ್ಟಗಿಯವರನ್ನು ಕಿರಿಯಾಕೆ ಎನ್ನುತ್ತೇನೆ.

ಚಿತ್ರದುರ್ಗ ದಾಟುವ ಹೊತ್ತಿಗೆ ಹೆಡ್‌ಮಾಸ್ತರು ನನ್ನ ಪಕ್ಕ ಬಂದು ಕೂತು ಕಿವಿಯಲ್ಲಿ ಹೇಳಿದರು. "ಹಿಂದ ಕುಂತಾಳಲ್ಲ, ಆಕಿ ಗಂಡ ಕೊರೊನಾದಾಗ ಹ್ವಾದ. ಹನ್ನೆರಡು ದಿವಸ ದವಾಖಾನ್ಯಾಗ ಇದ್ದ. ಸ್ವಂತ ಅಣ್ಣ ಅತ್ತಿಗಿ ಮಾತಾಡ್ಸಾಕ ಬರ್ಲಿಲ್ಲ. ಅವತ್ತಿಂದ ಆಕಿ ಇವ್ರ ಕೂಡ ಮಾತು ಬಿಟ್ಟಾಳ."

"ಆವಾಗ ಯಾರನ್ನೂ ಒಳಗ ಬಿಡ್ತಿದ್ದಿಲ್ಲಲ್ರಿ ಸರ್?"

"ಗೇಟಿನ ತನಕರ ಬರಬಹುದಿತ್ತಲ್ಲೋ" ಎಂದರು ಅವರು. ನಾನೂ ಆ ಎರಡು ವರ್ಷದಲ್ಲಿ ಎಷ್ಟು ಗೇಟುಗಳ ತನಕ ಹೋಗಿರಲಿಲ್ಲ ಎಂಬುದು ನನಗೇ ಗೊತ್ತು. ನಮ್ಮ ಕಡೆ ಒಬ್ಬರು ಮಲಗಿದ್ದಾರೆಂದರೆ ಹೋಗಿ ಮಾತಾಡಿಸಿ ಬರಲೇಬೇಕು. ಮದುವೆಗೆ ಹೋಗದಿದ್ದರೆ ಮರೆಯುತ್ತಾರೆ, ಜಡ್ಡಿನಲ್ಲಿದ್ದಾಗ ಮಾತಾಡಿಸದಿದ್ದರೆ ಮರೆಯುವುದಿಲ್ಲ. ಕೋವಿಡ್ ಇಡೀ ಜಿಲ್ಲೆಯನ್ನು ಈ ವಿಷಯದಲ್ಲಿ ತಪ್ಪಿತಸ್ಥರನ್ನಾಗಿ ಮಾಡಿಬಿಟ್ಟಿತ್ತು.

ವಿಮಾನದಲ್ಲಿ ಕಿರಿಯಾಕೆ ಒಂದು ಸ್ಟೀಲ್ ಡಬ್ಬಿಯಿಂದ ಎಲ್ಲರಿಗೂ ಶೇಂಗಾ ಉಂಡೆ ಹಂಚಿ ಕಳಿಸಿದರು. ಡಬ್ಬಿ ಕೈಯಿಂದ ಕೈಗೆ ಸಾಗಿ ಮುಂದಿನ ಸಾಲಿನಲ್ಲಿ ಹಿರಿಯಾಕೆಯ ತನಕವೂ ಹೋಯಿತು. ಅವರು ಒಂದು ಉಂಡೆ ತೆಗೆದುಕೊಂಡು ಡಬ್ಬಿಯನ್ನು ಹಿಂದೆ ದಾಟಿಸಿದರು. ಖಾಲಿಯಾದ ಮೇಲೆ ಹೆಡ್‌ಮಾಸ್ತರ ಹೆಂಡತಿ ವಿಮಾನದ ಸಕ್ಕರೆ ಪೊಟ್ಟಣ ಎರಡನ್ನು ಅದರೊಳಗೆ ಹಾಕಿ ವಾಪಸು ಕೊಟ್ಟರು. ನಮ್ಮಲ್ಲಿ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲವಲ್ಲ. ಮೂವತ್ತು ಸಾವಿರ ಅಡಿ ಮೇಲೆ ಹೋದರೂ ಈ ಮಂದಿ ಬದಲಾಗುವುದಿಲ್ಲ ಎಂದು ನಕ್ಕಿದ್ದೆ.

ಇಟಲಿಯ ಜಿನೋವಾ ಬಂದರಿನಲ್ಲಿ ಹಡಗು ಹತ್ತುವುದಕ್ಕೇ ಅರ್ಧ ದಿನ ಬೇಕಾಯಿತು. ಲಸಿಕೆಯ ಸರ್ಟಿಫಿಕೇಟ್ ಒಂದು ಕಿಟಕಿಯಲ್ಲಿ, ಆರೋಗ್ಯದ ಫಾರ್ಮು ಇನ್ನೊಂದರಲ್ಲಿ, ಮೂಗಿಗೆ ಕಡ್ಡಿ ಹಾಕುವುದು ಮೂರನೆಯದರಲ್ಲಿ. ಹತ್ತಿದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಸೇರುವ ತಾಲೀಮು ಇತ್ತು. ಸೈರನ್ ಕೂಗಿದ್ದೇ ಸೀರೆ ಅಂಗಡಿಯವರು ಹಡಗು ಮುಳುಗುತ್ತಿದೆ ಎಂದುಕೊಂಡು ರೊಟ್ಟಿಯ ಡಬ್ಬ ಎತ್ತಿಕೊಂಡು ಬಂದರು, ಜಾಕೆಟ್ ಮರೆತಿದ್ದರು. ನೇಪಲ್ಸ್‌ನಲ್ಲಿ ಎಲ್ಲ ಸರಾಗವಾಗಿ ನಡೆಯಿತು. ನಾನು ಸ್ವಲ್ಪ ಬೀಗಿದೆ ಎಂದೂ ಒಪ್ಪಿಕೊಳ್ಳುತ್ತೇನೆ.

ಮರುದಿನ ಮೆಸ್ಸಿನಾದಲ್ಲಿ ಇಳಿದು ಬಂದ ಮಧ್ಯಾಹ್ನ ಹಿರಿಯಾಕೆಗೆ ಮೈ ಬಿಸಿಯಾಯಿತು. "ಬಿಸಲಿಗೆ ಆಗೇತಿ" ಎಂದರು ಸಾಹುಕಾರರು. ನಾನೂ ಬಿಸಿಲೇ ಎಂದು ನಂಬಿದೆ, ನಂಬುವುದು ನನಗೂ ಅನುಕೂಲವಾಗಿತ್ತು. ಬೆಳಿಗ್ಗೆ ಹಡಗು ಮಾಲ್ಟಾ ತಲುಪುವಷ್ಟರಲ್ಲಿ ಕೆಮ್ಮು ಶುರುವಾಗಿತ್ತು. ಹಡಗಿನ ಡಾಕ್ಟರನ್ನು ಕರೆಸಿದೆ. ಗಂಟಲು ಸವೆದವರಂತೆ ಮೆಲ್ಲಗೆ ಇಂಗ್ಲಿಷ್ ಮಾತಾಡುವ ಇಟಲಿಯ ಹೆಂಗಸು. ಪರೀಕ್ಷೆ ಮಾಡಿದರು. ಎರಡು ಗೆರೆ ಬಂದವು, ಕೋವಿಡ್.

ಗಂಡ ಹೆಂಡತಿ ಇಬ್ಬರನ್ನೂ ಕೆಳಗಿನ ಅಂತಸ್ತಿನ ಬೇರೆ ಕೋಣೆಗೆ ಸಾಗಿಸಿದರು. ಆಮೇಲೆ ಡಾಕ್ಟರು ನನ್ನ ಕೈಗೆ ಫಾರ್ಮುಗಳ ಒಂದು ಕಟ್ಟು ಕೊಟ್ಟರು. ನಿನ್ನೆ ಮಧ್ಯಾಹ್ನದಿಂದ ಇವತ್ತು ಬೆಳಿಗ್ಗೆಯ ತನಕ ಯಾರ್ಯಾರು ಆಕೆಯ ಕೋಣೆಗೆ ಹೋಗಿದ್ದರು, ಎಷ್ಟು ನಿಮಿಷ ಇದ್ದರು, ಎಷ್ಟು ದೂರ ಕೂತಿದ್ದರು, ಮಾಸ್ಕ್ ಇತ್ತೇ. ಹೋದವರೆಲ್ಲ ತಮ್ಮ ಕೋಣೆಯಲ್ಲೇ ಇರಬೇಕು, ಪ್ರವಾಸ ಮುಗಿದು ಜಿನೋವಾದಲ್ಲಿ ಇಳಿದ ಮೇಲೂ ಕೆಲವು ದಿನ ಹೋಟೆಲಿನಲ್ಲಿ ಇರಬೇಕು. ವಿಮಾನ ತಪ್ಪುತ್ತದೆ. ಇದನ್ನು ಕೇಳಿದಾಗ ಒಬ್ಬಿಬ್ಬರಷ್ಟೇ ಸಿಕ್ಕಲಿ ದೇವರೇ ಎಂದು ಬೇಡಿಕೊಂಡೆ.

ಈಗ ನನ್ನ ತಪ್ಪಿನ ವಿಷಯ. ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಬೇಕಿತ್ತು. ನಾನು ಎಲ್ಲರನ್ನೂ ಒಂದು ಹಾಲ್‌ನಲ್ಲಿ ದೂರ ದೂರ ಕೂರಿಸಿದೆ. ಅದು ಸಾಲದೆಂಬಂತೆ, ಸಾಹುಕಾರರು "ನನ್ನ ಬಿಟ್ಟು ಏನ್ ಮೀಟಿಂಗ್ ಮಾಡ್ತೀರಿ?" ಎಂದು ಫೋನಿನಲ್ಲಿ ರೇಗಿದ್ದಕ್ಕೆ ಅವರನ್ನು ವಿಡಿಯೋ ಕಾಲ್‌ನಲ್ಲಿ ಹಾಕಿ, ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹೂದಾನಿಗೆ ಆನಿಸಿ ನಿಲ್ಲಿಸಿದೆ. ಆಮೇಲೆ ಕೇಳಿದೆ.

"ನಿನ್ನೆ ಅಮ್ಮಾರನ್ನ ಮಾತಾಡ್ಸಾಕ ಯಾರ್ಯಾರು ಹೋಗಿದ್ರಿ? ಕೈ ಎತ್ರಿ."

ಹೆಡ್‌ಮಾಸ್ತರ ಕೈ ಮೊದಲು ಎದ್ದಿತು. ಅದರ ಹಿಂದೆಯೇ ಅವರ ಹೆಂಡತಿಯದು, ಸೀರೆ ಅಂಗಡಿಯವರದು, ಕೊಪ್ಪಳದವರದು. ಹನ್ನೊಂದು ಕೈ. ಹಡಗಿನ ವೈಫೈ ಕೈಕೊಟ್ಟು ಸಾಹುಕಾರರ ಮುಖ ಫೋನಿನಲ್ಲಿ ಅರ್ಧಕ್ಕೇ ನಿಂತಿತ್ತು, ಆದರೆ ಕಣ್ಣು ತೆರೆದೇ ಇದ್ದವು. ಆ ಕಣ್ಣಿನ ಮುಂದೆ "ನಿನ್ನ ಹೆಂಡತಿಯನ್ನು ನೋಡಲು ನಾನು ಹೋಗಲಿಲ್ಲ" ಎಂದು ಹೇಳುವ ಎದೆ ಯಾರಿಗೂ ಇರಲಿಲ್ಲ.

ಕೈ ಎತ್ತದೆ ಕೂತವರು ಕಿರಿಯಾಕೆ ಒಬ್ಬರೇ.

"ನೀವ್ರಿ ಅಮ್ಮಾ?"

"ನಾ ಹೋಗಿಲ್ಲ" ಎಂದರು, ಫೋನಿನ ಕಡೆಗೇ ನೋಡುತ್ತ. ಚಿತ್ರ ನಿಂತಿದ್ದರೂ ದನಿ ಬರುತ್ತಿತ್ತು. ಫೋನಿನಿಂದ ಒಂದು ಕೆಮ್ಮು ಕೇಳಿತು. ಹಿರಿಯಾಕೆಯೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಆಗ ನನಗೆ ಹೊಳೆಯಿತು.

ಫಾರ್ಮು ತುಂಬಿಸುವಾಗ ನನ್ನ ಗೊಂದಲ ಶುರುವಾಯಿತು. ಎಷ್ಟು ಹೊತ್ತು ಇದ್ದಿರಿ ಎಂದರೆ ಹೆಡ್‌ಮಾಸ್ತರು ಅರ್ಧ ತಾಸು ಎಂದರು. ಇದನ್ನು ಕೇಳಿ ಸೀರೆ ಅಂಗಡಿಯವರು ಮುಕ್ಕಾಲು ತಾಸು ಎಂದರು. ಅವರಿಗಿಂತ ಕಡಿಮೆಯಾಗಬಾರದೆಂದು ಕೊಪ್ಪಳದವರೊಬ್ಬರು ಒಂದು ತಾಸಿಗೆ ಏರಿಸಿದರು. ಎಷ್ಟು ದೂರ ಕೂತಿದ್ದಿರಿ? "ದೂರ ಯಾಕ ಕೂಡ್ತಾರೋ ತಮ್ಮಾ, ಬಾಜೂಕ." ಮಾಸ್ಕ್? "ಮುಖ ಮುಚ್ಕೊಂಡು ಯಾರರ ಮಾತಾಡಿಸ್ತಾರೇನು?" ಎಲ್ಲವನ್ನೂ ಹೇಳಿದ್ದು ಹೇಳಿದಂತೆ ಬರೆದೆ. ಡಾಕ್ಟರು ಓದಿ, ನಿಮಿಷಗಳನ್ನು ಕೂಡಿಸಿ, ನನ್ನ ಮುಖ ನೋಡಿದರು. ಹನ್ನೊಂದು ಮಂದಿಗೂ ಕೋಣೆಯ ಬಾಗಿಲು ಮುಚ್ಚಿತು. ಮಾಲ್ಟಾದ ಕೋಟೆಯನ್ನು ಎಲ್ಲರೂ ಕಿಟಕಿಯಿಂದ ನೋಡಿದರು.

ಮರುದಿನ ಇಡೀ ಹಗಲು ಹಡಗು ನಡುಸಮುದ್ರದಲ್ಲಿ ಇತ್ತು. ನನ್ನ ಕೋಣೆಯ ಫೋನು ಬೆಳಗಿನ ಚಹಾಕ್ಕಿಂತ ಮುಂಚೆಯೇ ಬಡಿದುಕೊಳ್ಳತೊಡಗಿತು.

"ತಮ್ಮಾ, ನಾ ಹೆಡ್‌ಮಾಸ್ತರ್. ಖರೆ ಹೇಳ್ತೀನಿ, ನಾ ಹೋಗಿದ್ದಿಲ್ಲ. ಆ ಹೊತ್ತಿನ್ಯಾಗ ನಾ ಮ್ಯಾಲಿನ ಡೆಕ್ಕಿನ ಬಿಸಿನೀರಿನ ಟ್ಯಾಂಕಿನ್ಯಾಗ ಕುಂತಿದ್ದೆ. ಆದ್ರ ಸಾವ್ಕಾರ್ರಿಗೆ ಗೊತ್ತಾಗಬಾರದು ನೋಡು. ತಾವು ಊಟಕ್ಕ ಹ್ವಾದಾಗ ನಾ ಬಂದಿದ್ದೆ ಅಂತ ಅನ್ಕೊಂಡಿರ್ತಾರ."

"ಹಂಗಾರ ಕೈ ಯಾಕ ಎತ್ತಿದ್ರಿ ಸರ್?"

"ಎತ್ತದ ಏನ್ ಮಾಡ್ಲೋ? ಸಾವ್ಕಾರ್ರು, ಮಂದಿ ಎಲ್ಲಾ ನೋಡಾಕತ್ತಿದ್ರು."

ಹೀಗೆ ಒಬ್ಬರಾದ ಮೇಲೊಬ್ಬರು. ನಾ ಹೋಗಿಲ್ಲ, ಆದ್ರ ಯಾರಿಗೂ ಹೇಳಬ್ಯಾಡ್ರಿ. ಹೆಡ್‌ಮಾಸ್ತರ ಹೆಂಡತಿ ಮತ್ತು ಸೀರೆ ಅಂಗಡಿಯ ಅಮ್ಮ ಮಾತ್ರ, ಬಾಗಿಲ ತನಕ ಹೋಗಿದ್ದೆವು, ಸಾಹುಕಾರರು ಮಲಗಿದ್ದಾಳೆ ಎಂದದ್ದಕ್ಕೆ ಅಲ್ಲಿಂದಲೇ ಬಂದೆವು ಎಂದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಜೊತೆಗೆ ನಗುವೂ ಬರುತ್ತಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ ಆಗುತ್ತಿತ್ತು. ಒಂಬತ್ತು ಮಂದಿ ಮಾಡದ ಭೇಟಿಗೆ ಒಳಗೆ ಕೂತಿದ್ದಾರೆ. ಜಿನೋವಾದ ವಿಮಾನಕ್ಕೆ ಇನ್ನು ಮೂರೇ ದಿನ.

ಡಾಕ್ಟರ ಹತ್ತಿರ ಹೋಗಿ, ಇವರು ಹೋಗಿಯೇ ಇರಲಿಲ್ಲವಂತೆ ಎಂದೆ. ಅವರು ಕನ್ನಡಕ ತೆಗೆದಿಟ್ಟರು. ನಿನ್ನೆ ಹೋಗಿದ್ದೆವು ಎಂದವರು ಇವತ್ತು ಇಲ್ಲ ಎನ್ನುತ್ತಾರೆ, ನಾಳೆ ಬಾರ್ಸಿಲೋನಾ ಬರುತ್ತದೆ ಎಂದು ತಾನೆ ಎಂದು ಕೇಳಿದರು. ಅಲ್ಲ ಎಂದು ವಿವರಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮಲ್ಲಿ ಹುಷಾರಿಲ್ಲದವರನ್ನು ನೋಡಲು ಹೋಗದಿದ್ದರೆ ಅವಮಾನ, ಆದ್ದರಿಂದ ಹೋಗದವರೂ ಹೋಗಿದ್ದೆವು ಎಂದರು ಎಂದೆ. ಆಕೆ ಫಾರ್ಮುಗಳ ಕಟ್ಟನ್ನು ಮತ್ತೊಮ್ಮೆ ತಿರುವಿ ನೋಡಿದರು. ಸೋಂಕು ತಗಲಿದೆ ಎಂದು ಮುಚ್ಚಿಡುವವರನ್ನು ಎರಡು ವರ್ಷ ನೋಡಿದ್ದೇನೆ, ಇಲ್ಲದ್ದನ್ನು ಮೈಮೇಲೆ ಎಳೆದುಕೊಳ್ಳುವವರನ್ನು ಇದೇ ಮೊದಲು ನೋಡುತ್ತಿರುವುದು ಎಂದರು. ಆಮೇಲೆ ಮಾತು ಬೇಡ, ಕ್ಯಾಮೆರಾ ನೋಡೋಣ ಎಂದರು.

ಭದ್ರತೆಯವರ ಸಣ್ಣ ಕೋಣೆಯಲ್ಲಿ ಆ ಮಧ್ಯಾಹ್ನದ ಕಾರಿಡಾರನ್ನು ಜೋರಾಗಿ ಓಡಿಸಿ ನೋಡಿದೆವು. ಇಬ್ಬರು ಹೆಂಗಸರು ಬಂದರು, ಬಾಗಿಲಲ್ಲಿ ನಿಂತರು, ಹೋದರು. ಅವರ ಮಾತು ನಿಜವಿತ್ತು. ಸ್ವಲ್ಪ ಹೊತ್ತಿಗೆ ಸಾಹುಕಾರರು ಊಟಕ್ಕೆಂದು ಹೊರಗೆ ಹೋದರು, ಬಾಗಿಲನ್ನು ಪೂರ್ತಿ ಹಾಕದೆ. ಅವರು ಲಿಫ್ಟಿನ ಕಡೆ ತಿರುಗಿದ್ದೇ ತಡ, ಕಾರಿಡಾರಿನ ಆ ತುದಿಯಿಂದ ಇನ್ನೊಬ್ಬ ಹೆಂಗಸು ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಎಡಗಾಲನ್ನು ತುಸು ಎಳೆಯುತ್ತಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ. ಬಾಗಿಲ ಮುಂದೆ ನಿಂತರು, ತಿರುಗಿ ನಾಲ್ಕು ಹೆಜ್ಜೆ ಹೋದರು, ಮತ್ತೆ ಬಂದರು, ಒಳಗೆ ಹೋದರು. ಹೊರಗೆ ಬಂದಾಗ ನಲವತ್ತು ನಿಮಿಷ ಕಳೆದಿತ್ತು, ಕೈಯಲ್ಲಿ ಡಬ್ಬಿ ಇರಲಿಲ್ಲ.

ಮುಖ ಕಾಣಲಿಲ್ಲ. ಮುಖ ಬೇಕಾಗಿಯೂ ಇರಲಿಲ್ಲ. ಹಿಟ್ನಾಳದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಎಳೆದ ಅದೇ ಕಾಲು.

ಇದು ಯಾರು, ಅದು ತಿಳಿಯುವ ತನಕ ಯಾರನ್ನೂ ಹೊರಗೆ ಬಿಡಲಾರೆ ಎಂದರು ಡಾಕ್ಟರು.

ಹೋಗದವರು ಹೋಗಿದ್ದೆವು ಎಂದು ಒಳಗಿದ್ದಾರೆ. ಹೋದವರೊಬ್ಬರು ಹೋಗಿಲ್ಲ ಎಂದು ಹೊರಗಿದ್ದಾರೆ, ಸಾವಿರಾರು ಮಂದಿಯ ನಡುವೆ ಊಟ ಮಾಡುತ್ತಿದ್ದಾರೆ. ಹೆಸರು ಹೇಳಿದರೆ ಉಳಿದವರೆಲ್ಲ ಬಿಡುಗಡೆ, ನನ್ನ ಕೆಲಸವೂ ಉಳಿಯುತ್ತದೆ. ಆದರೆ ಗಂಡನನ್ನು ಹಾಗೊಂದು ಮುಚ್ಚಿದ ಕೋಣೆಯಲ್ಲಿ ಕಳೆದುಕೊಂಡ ಹೆಂಗಸನ್ನು ಪರದೇಶದಲ್ಲಿ ಒಬ್ಬರನ್ನೇ ಅಂಥದೇ ಕೋಣೆಗೆ ನೂಕಿದವನು ನಾನಾಗುತ್ತೇನೆ. ಮುಖ ಗೊತ್ತಾಗುತ್ತಿಲ್ಲ ಎಂದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಹಾಗೆ ಹೇಳಲು ಬಾಯಿ ತೆರೆದೂ ಇದ್ದೆ. ಹತ್ತು ನಿಮಿಷ ಕೊಡಿ ಎಂದೆ.

ಕಿರಿಯಾಕೆ ಮೇಲಿನ ಡೆಕ್ಕಿನಲ್ಲಿ, ಜನರಿಲ್ಲದ ಒಂದು ಮೂಲೆಯಲ್ಲಿ ಕಂಬಿ ಹಿಡಿದು ನಿಂತಿದ್ದರು. ನಾನು ದೂರದಲ್ಲೇ ನಿಂತೆ. ಮಾಸ್ಕ್ ಏರಿಸಿಕೊಂಡದ್ದನ್ನು ಅವರು ನೋಡಿದರು.

"ಗೊತ್ತಾತೇನು?" ಎಂದರು.

"ಕ್ಯಾಮೆರಾ ಐತ್ರಿ ಅಮ್ಮಾ."

"ನಾನೂ ನಿನ್ನೆಯಿಂದ ಯಾರ ಹತ್ರಾನೂ ಕುಂತಿಲ್ಲ. ಊಟ ಇಲ್ಲೇ ತಂದು ಉಣ್ತೀನಿ. ನಂಗೂ ಬುದ್ಧಿ ಐತಿ."

"ಹೋಗಿದ್ದೆ ಅಂತ ಯಾಕ ಹೇಳ್ಲಿಲ್ರಿ?"

ಅವರು ನೀರು ನೋಡುತ್ತಲೇ ಹೇಳಿದರು. "ಹನ್ನೆರಡು ದಿವಸ ನಾ ದವಾಖಾನಿ ಗೇಟಿಗೆ ಕುಂತಿದ್ದೆ. ಬರೋ ಗಾಡೀನೆಲ್ಲಾ ನೋಡ್ತಿದ್ದೆ. ಬರ್ಲಿಲ್ಲ. ಅವ್ರ ಮುಂದ ಕೈ ಎತ್ತಿ, ನೀವು ಬರ್ಲಿಲ್ಲ, ನಾ ಬಂದೆ ಅಂತ ದೊಡ್ಡಾಕಿ ಆಗ್ಲೇನು? ಇಲ್ಲಾ, ಎಲ್ಲಾ ಮರ್ತೀನಿ ಅಂತ ಅನ್ನಿಸ್ಕೊಳ್ಲೇನು? ಮರ್ತಿಲ್ಲ ನಾ."

"ಮತ್ತ ಹೋಗಿದ್ದು?"

"ಜ್ವರ ಅಂದ್ರು. ಕಾಲು ತಾವ ಹ್ವಾದುವು. ಆಕಿ ಮಲಗಿದ್ಲು. ಶುಂಠಿ ಬೆಲ್ಲದ ಡಬ್ಬಿ ಇಟ್ಟೆ, ಕಾಲು ಒತ್ತಿದೆ, ಬಂದೆ." ಸೆರಗು ಸರಿಮಾಡಿಕೊಂಡರು. "ಡಾಕ್ಟರ್ಗೆ ಹೇಳು. ಮಂದಿ ಯಾಕ ನನ್ನಿಂದ ಒಳಗ ಕುಂಡ್ರಬೇಕು? ಆಕಿಗೆ ಮಾತ್ರ ಹೇಳಬ್ಯಾಡ."

"ಒಬ್ರ ಕೋಣ್ಯಾಗ ಇರಬೇಕಾಗತೈತ್ರಿ."

"ಅವ್ರು ಇರ್ಲಿಲ್ಲೇನು?" ಎಂದರು. ಗಂಡನ ವಿಷಯ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಆಗ ನನಗೆ ಅಳು ಬಂತು, ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ನಾನು ಹೆಸರು ಹೇಳಿದೆ. ಆದರೆ ಡಾಕ್ಟರ ಹತ್ತಿರ ಎರಡು ಬೇಡಿಕೆ ಇಟ್ಟೆ. ಈ ಹೆಂಗಸಿಗೆ ಸಮುದ್ರ ಕಾಣುವ, ಗಾಳಿ ಬರುವ ಕೋಣೆಯೇ ಬೇಕು. ದಿನಕ್ಕೆ ಮೂರು ಸಲ ನಾನು ಬಾಗಿಲಿಗೆ ಹೋಗಿ ಮಾತಾಡಿಸುತ್ತೇನೆ, ತಡೆಯಬಾರದು. ಅದಕ್ಕಾಗಿ ದಿನಾ ಬೆಳಿಗ್ಗೆ ನನ್ನ ಮೂಗಿಗೆ ಎಷ್ಟು ಕಡ್ಡಿ ಬೇಕಾದರೂ ಹಾಕಲಿ. ಡಾಕ್ಟರು, ಮಾತಾಡಿಸುವುದು ಎಷ್ಟು ನಿಮಿಷ ಎಂದು ಕೇಳಿದರು. ಮೊದಲ ಸಲ ಆಕೆ ನಕ್ಕದ್ದು ಆಗಲೇ. ಹನ್ನೊಂದು ಮಂದಿಗೆ ಪರೀಕ್ಷೆ ಮಾಡಿ, ಒಂದೇ ಗೆರೆ ಬಂದ ಮೇಲೆ ಬಾಗಿಲು ತೆರೆದರು.

ಬಾರ್ಸಿಲೋನಾದಲ್ಲಿ ಎಲ್ಲರೂ ಇಳಿದರು. ಕಿರಿಯಾಕೆ ಎಲ್ಲಿ ಎಂದವರಿಗೆ, ಕಾಲು ನೋವು, ಮಲಗಿದ್ದಾರೆ ಎಂದೆ. ತಕ್ಷಣ ಹೆಡ್‌ಮಾಸ್ತರು, "ಹಂಗಾರ ಮಾತಾಡಿಸಿ ಬರೂಣು" ಎಂದು ಎದ್ದೇಬಿಟ್ಟರು. "ಕುಂಡ್ರಿ ಸರ್" ಎಂದೆ. ನನ್ನ ದನಿ ಹೇಗಿತ್ತೋ, ನಿವೃತ್ತ ಹೆಡ್‌ಮಾಸ್ತರು ಒಂದನೇ ಇಯತ್ತೆಯ ಹುಡುಗನಂತೆ ಕೂತರು.

ಮಾರ್ಸೇಲ್ಸ್ ಬಂದರಿನ ದಿನ ಕೆಳಗಿನ ಅಂತಸ್ತಿನಿಂದ ಹಿರಿಯಾಕೆ ಫೋನ್ ಮಾಡಿದರು. ಜ್ವರ ಇಳಿದಿತ್ತು. ಸಾಹುಕಾರರು ಸ್ನಾನಕ್ಕೆ ಹೋಗಿದ್ದಾರೆ ಎಂದರು, ಅದನ್ನು ಯಾಕೆ ಹೇಳಿದರೆಂದು ಆಮೇಲೆ ತಿಳಿಯಿತು.

"ತಮ್ಮಾ, ಆಕಿ ಎಲ್ಲದಾಳ?"

"ಕಾಲು ನೋವ್ರಿ."

"ಸುಳ್ಳು ಹೇಳಬ್ಯಾಡ. ಆಕಿ ಬಂದಾಗ ನಂಗ ಎಚ್ಚರಿತ್ತು. ಕಣ್ಣ ತೆಗದ್ರ ಎದ್ದು ಹೋಗ್ತಾಳಂತ ತೆಗೀಲಿಲ್ಲ. ನಲವತ್ತು ನಿಮಿಷ ಕಾಲು ಒತ್ತಿದ್ಲು. ಎಚ್ಚರ ಐತಿ ಅಂದ್ರ ನಾ ಏನಂತ ಮಾತಾಡ್ಲಿ? ನಾವು ಗೇಟಿನ ತನಕಾನೂ ಹೋಗಿಲ್ಲ." ಉಸಿರು ಎಳೆದುಕೊಂಡರು. "ಆಕಿಗೆ ಇದನ್ನ ಹೇಳಬ್ಯಾಡ."

ಒಬ್ಬರು ಹೋದದ್ದನ್ನು ಹೇಳಬೇಡ ಎಂದಿದ್ದರು, ಇನ್ನೊಬ್ಬರು ಗೊತ್ತಿರುವುದನ್ನು ಹೇಳಬೇಡ ಎನ್ನುತ್ತಿದ್ದರು. ಎರಡನ್ನೂ ಹೊತ್ತುಕೊಂಡು ನಾನು ಏನು ಮಾಡಬೇಕೆಂದು ತೋಚದೆ "ಹೂಂ" ಎಂದೆ.

"ಮತ್ತೊಂದು ಕೆಲಸ ಐತಿ. ಚಾದ ಸಕ್ಕರಿ ಪೊಟ್ಟಣ ಒಂದಿಷ್ಟು ಕಳಿಸು."

ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಹಡಗಿನ ಅಡುಗೆಯವರಿಗೆ ನಾನೇ ಚೀಟಿ ಬರೆದುಕೊಟ್ಟಿದ್ದೆ. ಜ್ವರದಲ್ಲಿ ಬಾಯಿ ಕೆಟ್ಟಿರಬೇಕು ಎಂದುಕೊಂಡು, ಸ್ವಲ್ಪ ಅಳುಕುತ್ತಲೇ ಒಂದು ಹಿಡಿ ಕಳಿಸಿದೆ.

ಜಿನೋವಾದಲ್ಲಿ ಡಾಕ್ಟರು ಹಿರಿಯಾಕೆಯ ಪರೀಕ್ಷೆಯ ಪಟ್ಟಿಯನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಎರಡನೆಯ ಗೆರೆ ಮೂಡಿರಲಿಲ್ಲ. ಸಾಹುಕಾರರಿಗೂ ಇಲ್ಲ, ಕಿರಿಯಾಕೆಗೂ ಇಲ್ಲ. ಬಂದರಿನ ಆರೋಗ್ಯ ಅಧಿಕಾರಿ ಮೂವರ ಕಾಗದಕ್ಕೂ ಮುದ್ರೆ ಒತ್ತಿದಾಗ ನಾನು ಮತ್ತೊಮ್ಮೆ ತಲೆ ಎಣಿಸಿದೆ. ಹದಿನಾಲ್ಕು.

ಬೆಂಗಳೂರಿನಿಂದ ಬಸ್ಸು ಹಿಟ್ನಾಳ ಕ್ರಾಸ್‌ಗೆ ಬರುವ ಹೊತ್ತಿಗೆ ಬೆಳಗಿನ ಎಂಟೂವರೆ. ಗಂಗಾವತಿಯವರು ಗಂಗಾವತಿಯ ಕಡೆ, ಕೊಪ್ಪಳ, ಭಾಗ್ಯನಗರದವರು ಆ ಕಡೆ ಹೋದರು. ಯಲಬುರ್ಗಾದ ಕಾರು ಬಂದು ನಿಂತಿತ್ತು. ಕುಷ್ಟಗಿಯ ಗಾಡಿ ಇನ್ನೂ ಬಂದಿರಲಿಲ್ಲ. ಕಿರಿಯಾಕೆ ಚಹಾದಂಗಡಿಯ ನೆರಳಿನಲ್ಲಿ ಬ್ಯಾಗಿನ ಮೇಲೆ ಕೂತಿದ್ದರು, ಈ ಕಡೆ ನೋಡದೆ. ಸಾಹುಕಾರರು ಕಾರಿನೊಳಗೆ ಕೂತು "ನಡಿ, ಹೊತ್ತಾತು" ಎಂದರು. ಹಿರಿಯಾಕೆ ಹತ್ತಲಿಲ್ಲ. ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು, ಬಿಸಿಲನ್ನು ದಾಟಿ ಹೋಗಿ ಕಿರಿಯಾಕೆಯ ಮುಂದೆ ಹಿಡಿದರು.

ಕಿರಿಯಾಕೆ ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಹೇಳಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಡಬ್ಬಿ ತೆಗೆದುಕೊಂಡು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಸಕ್ಕರೆಯ ಪೊಟ್ಟಣಗಳು ಸರಸರ ಎಂದವು.

"ಆ ಡಬ್ಬಿ ಯಾರ್ದೋ?" ಎಂದು ಸಾಹುಕಾರರು ಕಾರಿನ ಕಿಟಕಿಯಿಂದ ನನ್ನನ್ನು ಕೇಳಿದರು.

"ನಂಗ ಗೊತ್ತಿಲ್ರಿ" ಎಂದೆ.

ಕಿರಿಯಾಕೆ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಬ್ಯಾಗಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಜ್ವರದಾಗಿಂದ ಎದ್ದೀ" ಎಂದರು, ನೆಲ ನೋಡುತ್ತ. "ಬಿಸಲಾಗ ನಿಂದ್ರಬ್ಯಾಡಕ್ಕಾ."